ಟೆಸ್ಟ್ ರೈಡ್ ಗಾಡಿಗೆ ಎರಡು ನಿಂಬೆಹಣ್ಣು

ನನ್ನದಲ್ಲದ ಒಂದು ಮೋಟಾರ್‌ಸೈಕಲ್ಲಿಗೆ ನಾನು ಪೂಜೆ ಮಾಡಿಸಿಕೊಂಡು ಬಂದಿದ್ದೇನೆ. ಸುಮ್ಮನೆ ಊದುಬತ್ತಿ ಬೆಳಗಿದ ಪೂಜೆಯಲ್ಲ. ಅರಿಶಿನ, ಕುಂಕುಮ, ಸೇವಂತಿಗೆ ಹಾರ, ತೆಂಗಿನಕಾಯಿ, ಚಕ್ರಕ್ಕೊಂದರಂತೆ ಎರಡು ನಿಂಬೆಹಣ್ಣು. ಎಲ್ಲ ಮುಗಿದ ಮೇಲೆ ಆ ಗಾಡಿಯನ್ನು ಅದರ ಮಾಲೀಕರಿಗೆ, ಅಂದರೆ ಶೋರೂಮಿನವರಿಗೆ ಒಪ್ಪಿಸಿ, ನನ್ನ ಸ್ಕೂಟರ್ ಹತ್ತಿ ಮನೆಗೆ ಬಂದೆ.

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ನಗುವಂಥದ್ದು ಹೆಚ್ಚೇನೂ ಇಲ್ಲ.

ಈ ಅಂಕಣ ಓದುವವರಿಗೆ ನನ್ನ ಸ್ಕೂಟರ್ ಗೊತ್ತೇ ಇದೆ. ಹದಿಮೂರು ವರ್ಷ ಹಳೆಯದು. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಿಂದ ಸೊಪ್ಪು, ಕಾಲೇಜಿನಿಂದ ಟೆಸ್ಟ್ ಪೇಪರ್ ಕಟ್ಟು, ಎರಡನ್ನೂ ಕಾಲ ಹತ್ತಿರ ಇಟ್ಟುಕೊಂಡು ಬರಲು ಅದಕ್ಕಿಂತ ಅನುಕೂಲದ ಗಾಡಿ ಇಲ್ಲ. (ಟೆಸ್ಟ್ ಪೇಪರಿನ ಮೇಲೆ ಟೊಮೆಟೊ ಒಡೆದು, ಒಬ್ಬ ಹುಡುಗನ ಇಡೀ ಮೊಘಲ್ ಸಾಮ್ರಾಜ್ಯ ಅಳಿಸಿಹೋದ ಕಥೆಯನ್ನು ಹಿಂದೆ ಬರೆದಿದ್ದೆ.) ಇಂಥ ಮನುಷ್ಯನಿಗೆ ಐವತ್ನಾಲ್ಕನೇ ವಯಸ್ಸಿನಲ್ಲಿ ಕ್ರೂಸರ್ ಬೈಕಿನ ಸಹವಾಸ ಯಾಕೆ ಬೇಕಿತ್ತು?

ಎರಡು ತಿಂಗಳ ಹಿಂದಿನ ಒಂದು ಭಾನುವಾರ ಬೆಳಿಗ್ಗೆ, ಹೈವೇ ಪಕ್ಕ ಸ್ಕೂಟರಿಗೆ ಗಾಳಿ ಹಿಡಿಸುತ್ತಾ ನಿಂತಿದ್ದೆ. ಪಕ್ಕದಲ್ಲೇ ಹೊಸದಾಗಿ ಶುರುವಾದ ಬೈಕ್ ಶೋರೂಮು. ಒಳಗಿನಿಂದ 'ಸಾರ್' ಎಂದು ಕೂಗುತ್ತಾ ಒಬ್ಬಳು ಬಂದಳು. ಚೈತ್ರ. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅಲ್ಲಿ ಸೇಲ್ಸ್ ನೋಡಿಕೊಳ್ಳುತ್ತಾಳಂತೆ. ಕಾಫಿ ಕುಡಿದೇ ಹೋಗಬೇಕೆಂದು ಒಳಗೆ ಕರೆದುಕೊಂಡು ಹೋದಳು.

ಕಾಫಿ ಬರುವಷ್ಟರಲ್ಲಿ ನಾನು ಅದರ ಮುಂದೆ ನಿಂತಿದ್ದೆ. ಕಪ್ಪು ಬಣ್ಣ. ಅಗಲದ ಹ್ಯಾಂಡಲ್. ಹೊಳೆಯುವ ಎರಡು ಸೈಲೆನ್ಸರ್. ನನ್ನ ಸ್ಕೂಟರಿನ ಎರಡರಷ್ಟು ತೂಕ. ಚೈತ್ರ ತಗೊಳ್ಳುವ ಯೋಚನೆ ಇದೆಯಾ ಎಂದು ಕೇಳಿದಳು. ನಾನು 'ನೋಡಣ' ಎಂದೆ. (ನಮ್ಮ ಕಡೆ ಈ 'ನೋಡಣ' ಬಹಳ ಉಪಯೋಗದ ಮಾತು. ಇಲ್ಲ ಎನ್ನುವ ಕಷ್ಟವೂ ಇಲ್ಲ, ಹೌದು ಎನ್ನುವ ಜವಾಬ್ದಾರಿಯೂ ಇಲ್ಲ.) ಅವಳು ಲೈಸೆನ್ಸ್ ನೋಡಿ, ಒಂದು ಫಾರಂಗೆ ಸಹಿ ಹಾಕಿಸಿಕೊಂಡು, ಹೆಲ್ಮೆಟ್ಟು ಕೊಟ್ಟಳು. ಸಾಮಾನ್ಯವಾಗಿ ಅವರ ಕಡೆಯವರೊಬ್ಬರು ಜೊತೆಗೆ ಬರುತ್ತಾರಂತೆ. ಮೇಷ್ಟ್ರು ಎಂದು ನನಗೆ ವಿನಾಯಿತಿ. ಅರ್ಧ ಗಂಟೆ ಓಡಿಸಿ ಬನ್ನಿ, ಹಿಂದೆ ಮಾತ್ರ ಯಾರನ್ನೂ ಕೂರಿಸಿಕೊಳ್ಳಬೇಡಿ ಎಂದಳು.

ಮೊದಲ ಹತ್ತು ನಿಮಿಷ ನಾನು ಗಾಡಿ ಓಡಿಸಲಿಲ್ಲ, ಗಾಡಿಯೇ ನನ್ನನ್ನು ಓಡಿಸಿತು. ಕಾಲು ಮುಂದಕ್ಕೆ ಚಾಚಿಕೊಂಡು, ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಒರಗಿದ ಹಾಗೆ ಕೂರಬೇಕು. ಬ್ರೇಕ್ ಹುಡುಕಿದರೆ ಕಾಲಿಗೆ ಗಾಳಿ ಸಿಗುತ್ತದೆ. ಆಮೇಲೆ ನಿಧಾನಕ್ಕೆ ಹಿಡಿತ ಬಂತು. ಎಂಜಿನ್ನಿನ ಸದ್ದು ಹೊಟ್ಟೆಯೊಳಗೇ ಗುಡುಗುತ್ತಿತ್ತು. ದ್ರಾಕ್ಷಿ ತೋಟಗಳು ಹಿಂದೆ ಸರಿದವು. ಕಾರಿನಲ್ಲಿ ಹೋಗುತ್ತಿದ್ದವರು ಕತ್ತು ತಿರುಗಿಸಿ ನೋಡಿದರು. ಹದಿಮೂರು ವರ್ಷದಲ್ಲಿ ನನ್ನನ್ನು ಹಾಗೆ ಯಾರಾದರೂ ತಿರುಗಿ ನೋಡಿದ್ದು ಟೊಮೆಟೊ ಚೀಲ ಬಿದ್ದಾಗ ಮಾತ್ರ.

ಫ್ಲೈಓವರ್ ಹತ್ತಿರ ವಾಪಸ್ ತಿರುಗಬೇಕಿತ್ತು. ತಿರುಗಲಿಲ್ಲ. ಇನ್ನೊಂದಷ್ಟು ದೂರ ಹೋಗಿ ಹೈವೇ ಬಿಟ್ಟರೆ ಮಂಡಿಕಲ್ ಕಡೆ ನಮ್ಮಕ್ಕನ ಊರು. ಇದರ ಮೇಲೆ ಹೋಗಿ ಅಕ್ಕನ ಮನೆ ಮುಂದೆ ಒಂದು ಸಲ ನಿಲ್ಲಬೇಕು ಅನಿಸಿತು. ಅಷ್ಟೇ ಆಸೆ. ಅಷ್ಟಕ್ಕೇ ನಿಂತಿದ್ದರೆ ಈ ವಾರ ನಾನು ಬೇರೆ ಏನಾದರೂ ಬರೆಯುತ್ತಿದ್ದೆ.

ಗಾಡಿಯ ಟ್ಯಾಂಕಿನ ಎಡಭಾಗಕ್ಕೆ 'ಟೆಸ್ಟ್ ರೈಡ್' ಎಂದು ಇಂಗ್ಲಿಷಿನಲ್ಲಿ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದರು. ಅಕ್ಕನ ಮನೆ ತಲುಪಿದಾಗ ನಾನು ಗಾಡಿಯನ್ನು ಎಡಭಾಗ ಕಾಂಪೌಂಡ್ ಗೋಡೆಗೆ ಬರುವ ಹಾಗೆ ನಿಲ್ಲಿಸಿದೆ. ಬೇಕೆಂದೇ ನಿಲ್ಲಿಸಿದೆ. ನೆರಳಿಗೆ ಎಂದು ನಿಮಗೆ ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ.

ಅಕ್ಕ ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು. "ಅಂತೂ ತಗೊಂಡೇನೋ ಸೀನ" ಎಂದಳು. ಕಣ್ಣು ತುಂಬಿಕೊಂಡಿತ್ತು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಕಾಲೇಜಿನಲ್ಲಿ ಪಾಠ ಹೇಳುವ ತಮ್ಮ ಸೊಪ್ಪಿನ ಸ್ಕೂಟರಿನಲ್ಲಿ ಓಡಾಡುತ್ತಾನೆ ಎಂದು ಅವಳಿಗೆ ಯಾವಾಗಲೂ ಸಂಕಟ. ಆಗ ಇಲ್ಲ ಎನ್ನಬೇಕಿತ್ತು. ನಾನು ಸುಮ್ಮನೆ ನಕ್ಕೆ. ಅವಳು ಅದನ್ನೇ ಹೌದು ಎಂದುಕೊಂಡು ತಟ್ಟೆ ತರಲು ಒಳಗೆ ಓಡಿದಳು.

ಹೊಸ ಗಾಡಿ ಮನೆ ಮುಂದೆ ಬಂದಮೇಲೆ ನಮ್ಮ ಕಡೆಯ ಹೆಂಗಸರನ್ನು ತಡೆಯುವುದಕ್ಕೆ ಯಾರಿಗೆ ಆಗುತ್ತದೆ? ಹಿತ್ತಲಿನ ತೋಟದಿಂದ ಸೇವಂತಿಗೆ ಬಂತು, ನೋಡನೋಡುತ್ತಾ ಹಾರವಾಯಿತು. ಹೆಡ್‌ಲೈಟಿಗೆ ಕುಂಕುಮ ಬಿತ್ತು. ಅಕ್ಕಪಕ್ಕದ ಮನೆಯವರು ಬಂದು ನಿಂತರು. ನಿಂಬೆಹಣ್ಣು ಎಲ್ಲಿ ಎಂದು ಅಕ್ಕ ಹುಡುಕುತ್ತಿದ್ದಾಗ, ಜಗಲಿಯ ಮೇಲೆ ಕೂತಿದ್ದ ಭಾವ ಕೋಲು ಊರಿಕೊಂಡು ಎದ್ದು, ಮೆಲ್ಲಗೆ ಒಳಗೆ ಹೋಗಿ ಎರಡು ತಂದುಕೊಟ್ಟರು.

ಭಾವನ ವಿಷಯ ಹೇಳಬೇಕು. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆಗುವವರೆಗೂ ಶಿಫ್ಟಿಗೆ ದಿನಾ ಇಲ್ಲಿಂದಲೇ ಒಂದು ಸಣ್ಣ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ಆ ಬೈಕು ಬಂದು ಹದಿನೈದು ದಿನವೂ ಆಗಿರಲಿಲ್ಲ, ಆಗ ನಾನು ಪಿಯುಸಿ, ಕೆರೆ ಕಟ್ಟೆಯ ಮೇಲೆ ನನಗೆ ಗಾಡಿ ಕಲಿಸಿದರು. ನಾನು ಬೀಳಿಸಿದೆ. ಟ್ಯಾಂಕು ನೆಗ್ಗಿತು. ಅಕ್ಕ ಕೇಳಿದಾಗ, ತಮ್ಮ ಕೈಯಿಂದಲೇ ಬಿತ್ತು ಎಂದರು. ಆ ನೆಗ್ಗನ್ನು ಗಾಡಿ ಮಾರುವವರೆಗೂ ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿದ್ದರು. ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗಾಲು ಎಳೆಯುತ್ತದೆ. ಆಮೇಲೆ ಯಾವ ಬೈಕನ್ನೂ ಹತ್ತಿಲ್ಲ.

ಪೂಜೆ ಮುಗಿಯಿತು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಎರಡಡಿ ಮುಂದೆ ತಂದೆ. ಅಕ್ಕ ಮೈಸೂರುಪಾಕು ಹಂಚಲು ಹೋದಳು. ಭಾವ ಹತ್ತಿರ ಬಂದು ಸೀಟಿನ ಮೇಲೆ ಕೈಯಾಡಿಸಿದರು. ಸುತ್ತ ಒಂದು ಸಲ ನಡೆದರು. ಬಾಗಿ ಎಂಜಿನ್ ನೋಡಿದರು.

"ಮಂಚಿ ಬಂಡಿ ಕಣಪ್ಪ" ಎಂದರು. (ಒಳ್ಳೇ ಗಾಡಿ ಅಂತ. ಖುಷಿಯಾದರೆ ಅವರ ಬಾಯಿಗೆ ತೆಲುಗು ಬರುತ್ತದೆ.) "ಸೀಟು ಕೆಳಗಿದೆ. ಇದಕ್ಕಾದ್ರೆ ನನ್ ಕಾಲೂ ಎತ್ತಬೌದು. ಕೆರೆ ಕಟ್ಟೆವರ್ಗೂ ಒಂದ್ ರೌಂಡು ಹೋಗಿ ಬರಣ?"

ನನ್ನ ತಲೆಯೊಳಗೆ ಆ ಕ್ಷಣ ಏನೇನು ಓಡಿತು ಗೊತ್ತೇ? ಭಾವ ಬಿದ್ದರೆ ಎಂಬ ಭಯ ಓಡಲಿಲ್ಲ. ಅದು ಓಡಿದ್ದರೆ ಮರ್ಯಾದೆಯಾದರೂ ಇರುತ್ತಿತ್ತು. ಗಾಡಿಗೆ ಗೀರು ಬಿದ್ದರೆ ಚೈತ್ರಳಿಗೆ ಏನು ಹೇಳಲಿ ಎಂದುಕೊಂಡೆ. ಅರ್ಧ ಗಂಟೆ ಮುಗಿದು ಹೋಗಿದೆ ಎಂದುಕೊಂಡೆ. ಯಾರನ್ನೂ ಕೂರಿಸಿಕೊಳ್ಳಬಾರದು ಎಂದಿದ್ದು ನೆನಪಾಯಿತು. ಆದರೆ ಅದನ್ನು ಹೇಳಿದರೆ ಮಿಕ್ಕಿದ್ದನ್ನೂ ಹೇಳಬೇಕಾಗುತ್ತದಲ್ಲ, ಹಾರ ಹಾಕಿಸಿಕೊಂಡ ಮೇಲೆ?

ಹೊಸ ಎಂಜಿನ್ ಭಾವ, ಫಸ್ಟ್ ಸರ್ವೀಸ್ ಆಗುವವರೆಗೂ ಇಬ್ಬರು ಕೂರಬಾರದಂತೆ ಎಂದೆ. ಯಾರಿಗೆ? ಜೀವಮಾನವೆಲ್ಲ ಮೆಷಿನ್ ರಿಪೇರಿ ಮಾಡಿದ ಫಿಟ್ಟರಿಗೆ. ಅವರು ತಲೆಯಾಡಿಸಿದರು. ಅದು ಸಾಲದೆಂದು, "ಮುಂದಿನ ಭಾನ್ವಾರ ಖಂಡಿತ ಬರ್ತೀನಿ. ಕೆರೆ ಕಟ್ಟೆ ಏನು, ಕುಡುಮಲಕುಂಟೆಗೇ ಹೋಗಣ. ನಿಮ್ ಫ್ಯಾಕ್ಟರಿ ಗೇಟ್ ಮುಂದೆ ನಿಲ್ಲಿಸ್ತೀನಿ" ಎಂದೂ ಹೇಳಿದೆ. ಅವರ ಮುಖ ಅರಳಿತು. ಅದನ್ನು ಕನ್ನಡಿಯಲ್ಲಿ ನೋಡಿಕೊಂಡೇ ಗಾಡಿ ಎಬ್ಬಿಸಿದೆ.

ಹೈವೇ ಸೇರುವ ಮೊದಲು ಒಂದು ಹುಣಸೆಮರದ ಕೆಳಗೆ ನಿಲ್ಲಿಸಿ ಹಾರ ಕಿತ್ತು ಬೇಲಿಗೆ ಹಾಕಿದೆ. ಕರ್ಚೀಫು ಒದ್ದೆ ಮಾಡಿ ಕುಂಕುಮ ಒರೆಸಿದೆ. ಅಕ್ಕ ಇಟ್ಟ ಕುಂಕುಮ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಹೆಡ್‌ಲೈಟಿನ ಸಂದಿಯಲ್ಲಿ ಉಳಿಯಿತು. ಚೈತ್ರ ಅದನ್ನು ನೋಡಿ, ಆಗಲೇ ಪೂಜೆ ಆಯ್ತಾ ಸಾರ್, ಹಾಗಾದ್ರೆ ಬುಕ್ ಮಾಡೋಣ್ವಾ ಎಂದು ನಕ್ಕಳು. ನಾನು ಮತ್ತೆ 'ನೋಡಣ' ಎಂದೆ.

ಆ ಮುಂದಿನ ಭಾನುವಾರ ನಾನು ಹೋಗಲಿಲ್ಲ. ಹೇಗೆ ಹೋಗಲಿ? ಅಕ್ಕ ಫೋನ್ ಮಾಡಿದಳು. ವ್ಯಾಲ್ಯುಯೇಶನ್ ಡ್ಯೂಟಿ ಎಂದೆ. ಅದರ ಮುಂದಿನ ಭಾನುವಾರವೂ ಡ್ಯೂಟಿ. ಬುಕ್ಕಿಂಗ್ ಏನಾಯಿತು ಎಂದು ಚೈತ್ರ ಫೋನ್ ಮಾಡಿದರೂ ಅದೇ ಡ್ಯೂಟಿ. ಒಂದೇ ಸುಳ್ಳಿನಲ್ಲಿ ಇಬ್ಬರನ್ನೂ ಸುಧಾರಿಸುತ್ತಿದ್ದೆ. ಮೂರು ವಾರದ ಮೇಲೆ ಅಕ್ಕ ಆ ವಿಷಯ ಎತ್ತುವುದನ್ನೇ ನಿಲ್ಲಿಸಿದಳು. ನಿಜ ಹೇಳುತ್ತೇನೆ, ಆಗ ನನಗೆ ಸಮಾಧಾನವಾಗಿತ್ತು.

ಕಳೆದ ಭಾನುವಾರ ಮನಸ್ಸು ಗಟ್ಟಿ ಮಾಡಿ ಸ್ಕೂಟರಿನಲ್ಲೇ ಹೋದೆ. ಎಲ್ಲವನ್ನೂ ಹೇಳಿಬಿಡುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕ ಗೇಟಿನಲ್ಲಿ, ಗಾಡಿ ಎಲ್ಲಪ್ಪಾ ಎಂದು ಕೇಳಿದಳು. ಸರ್ವೀಸಿಗೆ ಕೊಟ್ಟಿದ್ದೀನಿ ಎಂದೆ. ನೋಡಿ, ಬಾಯಿಗೆ ಎಷ್ಟು ಅಭ್ಯಾಸವಾಗಿಬಿಟ್ಟಿತ್ತು.

ಕಾಫಿಗೆ ಹಾಲು ಇಡುತ್ತಾ ಅಕ್ಕ ಹೇಳಿದಳು. ನಾನು ಪೂಜೆ ಮಾಡಿಸಿಕೊಂಡು ಹೋದ ಮಾರನೇ ದಿನದಿಂದ ಭಾವ ಬೆಳಿಗ್ಗೆ ಎದ್ದು, ಗೋಡೆ ಹಿಡಿದುಕೊಂಡು ಬಲಗಾಲನ್ನು ಜಗಲಿ ಕಲ್ಲಿನ ಮೇಲೆ ಎತ್ತಿ ಇಡುವುದು, ಇಳಿಸುವುದು ಮಾಡುತ್ತಿದ್ದರಂತೆ. ಡಾಕ್ಟರು ಎಷ್ಟು ಹೇಳಿದರೂ ಒಂದು ದಿನವೂ ವ್ಯಾಯಾಮ ಮಾಡದ ಮನುಷ್ಯ. ಭಾನುವಾರ ಬಂದರೆ ಪ್ಯಾಂಟು ಹಾಕಿಕೊಂಡು ಕೂರುತ್ತಿದ್ದರು. ಮೂರು ವಾರ ಹಾಗೇ ನಡೆಯಿತು. "ಆಮೇಲೆ ಬಿಟ್ಬಿಟ್ರು ಕಣೋ. ಈಗ ಬಚ್ಚಲಿಗೂ ನಾನೇ ಹಿಡ್ಕೊಂಡು ಹೋಗ್ಬೇಕು" ಎಂದಳು.

ನಾನು ಕಾಫಿ ಲೋಟ ಹಿಡಿದು ಜಗಲಿಗೆ ಹೋಗಿ ಭಾವನ ಪಕ್ಕ ಕೂತೆ. ಕೊನೆಗೆ, ಆ ಗಾಡಿ ನನ್ನದಲ್ಲ ಭಾವ ಎಂದಷ್ಟೇ ಹೇಳಿದೆ.

ಅವರಿಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು. ಗೋಡೆ ಸಂದಿಯಲ್ಲಿ ಬಾಗಿ ಎಂಜಿನ್ ನೋಡಿದವರು ಸ್ಟಿಕ್ಕರನ್ನೂ ನೋಡಿದ್ದರು. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿಮ್ಮಕ್ಕ ಅಷ್ಟು ಜನರ ಮುಂದೆ ಸಂಭ್ರಮದಲ್ಲಿದ್ದಳು, ಹೇಗೆ ಹೇಳಲಿ ಎಂದರು. ಇವತ್ತಿಗೂ ಅವಳಿಗೆ ಹೇಳಿಲ್ಲವಂತೆ. ಹಳೇ ಟ್ಯಾಂಕಿನ ನೆಗ್ಗಿನ ಹಾಗೆ ಇದನ್ನೂ ತಮ್ಮಲ್ಲೇ ಇಟ್ಟುಕೊಂಡಿದ್ದರು.

ಆಮೇಲೆ ರಸ್ತೆ ನೋಡುತ್ತಾ ಹೇಳಿದರು. "ಗಾಡಿ ನಿಂದಲ್ಲ ಅಂತ ಗೊತ್ತಿತ್ತಪ್ಪ. ಬರ್ತೀನಿ ಅಂದ ಮಾತು ನಿಂದೇ ಅನ್ಕೊಂಡಿದ್ದೆ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರಿಗೆ ಸಿಟ್ಟೇ ಇರಲಿಲ್ಲ. ಬನ್ನಿ ಭಾವ, ಸ್ಕೂಟರಿನಲ್ಲೇ ಹೋಗಣ, ನಾನು ಹಿಡ್ಕೋತೀನಿ ಎಂದು ಎಬ್ಬಿಸಿದೆ. ನನಗೆ ಬೇಜಾರಾಗಬಾರದೆಂದು ಎದ್ದರು. ಅಕ್ಕ ಒಂದು ಕಡೆ, ನಾನು ಒಂದು ಕಡೆ ಹಿಡಿದೆವು. ಕಾಲು ಒಂದು ಗೇಣು ಎದ್ದು ಅಲ್ಲೇ ನಿಂತಿತು. ಸಾಕು ಬಿಡಪ್ಪ ಎಂದು ನನ್ನ ಭುಜ ತಟ್ಟಿ ಮತ್ತೆ ಜಗಲಿಯ ಮೇಲೆ ಕೂತರು.

ವಾಪಸ್ ಬರುವಾಗ ಶೋರೂಮಿನ ಮುಂದೆ ಸ್ಕೂಟರ್ ನಿಲ್ಲಿಸಿದೆ. ಆ ಬೈಕು ನಾನು ತಗೊಳ್ಳುವುದಿಲ್ಲಮ್ಮ ಎಂದು ಚೈತ್ರಳಿಗೆ ಮೊದಲ ಸಲ ನಿಜ ಹೇಳಿದೆ. ಅವತ್ತು ನಮ್ಮ ಭಾವನನ್ನು ಹಿಂದೆ ಕೂರಿಸಿಕೊಳ್ಳಬೇಕು ಎಂದು ನಾನು ಅಕ್ಕನ ಮನೆಯಿಂದಲೇ ಫೋನ್ ಮಾಡಿದ್ದರೆ ನೀನು ಏನು ಹೇಳುತ್ತಿದ್ದೆ ಎಂದೂ ಕೇಳಿದೆ.

"ಮನೆಯವ್ರು ಅಂದ್ರೆ ಬಿಡ್ತಿದ್ವಲ್ಲಾ ಸಾರ್. ಕೇಳಿದ್ರೆ ಆಗ್ತಿತ್ತು" ಎಂದಳು.

ಕೇಳಬಹುದಿತ್ತು. ಅಕ್ಕನ ಮನೆ ಮುಂದೆ, ಅಷ್ಟು ಜನರ ಎದುರು, ಹಾರ ಹಾಕಿದ ಗಾಡಿಯ ಪಕ್ಕ ನಿಂತು ಕೇಳಬೇಕಿತ್ತು, ಅಷ್ಟೇ.