ಕಾವು ಇಳಿಯಲು ಬೇಕಾದ ಹೊತ್ತು

ಸುಕನ್ಯಳ ತವರು ಪಿರಿಯಾಪಟ್ಟಣದ ಕಡೆ, ಅತ್ತೆಮನೆ ಹುಣಸೂರಿನ ಹತ್ತಿರ. ಎರಡೂ ಕಡೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಬೇಯಿಸುವ ಬ್ಯಾರನ್ ಮನೆ ಇತ್ತು. ಲೈಸೆನ್ಸು ಗಂಡಸರ ಹೆಸರಿಗೆ. ಸೊಪ್ಪನ್ನು ಕಡ್ಡಿಗೆ ಕಟ್ಟುವುದು, ಹಗಲೆಲ್ಲ ಬೆಂಕಿ ಕಾಯುವುದು ಹೆಂಗಸರ ಪಾಲು. ಮೈಸೂರಿನಲ್ಲಿ ಸಂಶೋಧನೆಗೆ ಸೇರುತ್ತೇನೆಂದಾಗ ಮಾವ ಲಿಂಗಯ್ಯ ಬೇಡವೆನ್ನಲಿಲ್ಲ, ಮನೆಯ ಕೆಲಸದಲ್ಲಿ ಒಂದನ್ನೂ ಕಡಿಮೆ ಮಾಡಲೂ ಇಲ್ಲ. ನಾಲ್ಕು ವರ್ಷದಿಂದ ಮುದ್ದೆ ತಿರುವಿಟ್ಟು ಏಳೂಕಾಲಿನ ಬಸ್ಸು ಹಿಡಿಯುತ್ತಿದ್ದಳು. ಗಂಡ ಮಹೇಶ್‌ಕುಮಾರ್ ಆಗಾಗ ಅವಳ ಕೆಲಸಕ್ಕೆ ಸಹಾಯ ಮಾಡುವುದಾಗಿ ಹೇಳುತ್ತಿದ್ದ. ಅದು ಅವಳದೇ ಕೆಲಸವೆಂದು ಯಾರು ಗೊತ್ತು ಮಾಡಿದರೆಂದು ಅವಳು ಕೇಳಿರಲಿಲ್ಲ.

ಅವಳ ಸಂಶೋಧನೆ ಉಗುರಗಲದ ಚಿಪ್ ಮೇಲಿನ ಬೆಳಕಿನ ಸ್ವಿಚ್ಚಿನದು. ಕೂದಲಿಗಿಂತ ಸಣ್ಣ ಕಾಲುವೆಯಲ್ಲಿ ಬೆಳಕು ಎರಡು ಕವಲಾಗಿ ಹರಿದು ಮತ್ತೆ ಕೂಡುತ್ತದೆ. ಒಂದು ಕವಲನ್ನು ಪುಟ್ಟ ತಂತಿಯಿಂದ ತುಸು ಬಿಸಿ ಮಾಡಿದರೆ ಬೆಳಕು ಹೊರಡುವ ದಾರಿ ಬದಲಾಗುತ್ತದೆ. ಬಿಸಿ ಪಕ್ಕಕ್ಕೆ ಸೋರಿ ಕರೆಂಟು ದಂಡವಾಗಬಾರದೆಂದು ಕವಲಿನ ಅಕ್ಕಪಕ್ಕ ಕಂದಕ ತೋಡಬೇಕೆಂದು ಮಾರ್ಗದರ್ಶಕ ವೀರಭದ್ರಸ್ವಾಮಿ ಪಟ್ಟು ಹಿಡಿದಿದ್ದರು. ನಕ್ಷೆಯಲ್ಲಿ ತೋಡಿದಳು. ಲೆಕ್ಕದಲ್ಲಿ ಕರೆಂಟು ಅರ್ಧಕ್ಕಿಳಿಯಿತು. ಚಿಪ್ ತಯಾರಿಕೆಗೆ ನಕ್ಷೆ ಕಳಿಸಲು ಆ ದಿನ ಸಂಜೆ ಐದು ಗಂಟೆ ಕಡೆಯ ಗಡುವು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅಷ್ಟರೊಳಗೆ ಫೆಲೋಶಿಪ್ ಮುಗಿದುಹೋಗುತ್ತಿತ್ತು.

ಅಂದು ಬ್ಯಾರನ್‌ನಲ್ಲಿ ಸೊಪ್ಪು ಏರಿಸಿ ಎರಡನೆಯ ದಿನ. ಗಂಡ ಹ್ಯಾಂಡ್‌ಪೋಸ್ಟ್ ಎಂಬ ಊರಿಗೆ ಸೌದೆ ತರಲು ಹೋಗಿದ್ದ. ಬ್ಯಾರನ್‌ನ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದವಳು ಮೂರೂವರೆಗೆ ಎದ್ದು ಥರ್ಮಾಮೀಟರ್ ನೋಡಿದಳು. ಫ್ಯಾರನ್‌ಹೀಟಿನ ನೂರರಲ್ಲಿರಬೇಕಾದ ಕಾವು ನೂರಹದಿನಾಲ್ಕಕ್ಕೆ ಏರಿತ್ತು. ಹಳದಿಗೆ ತಿರುಗುವ ಮೊದಲೇ ಕಾವು ಏರಿದರೆ ಸೊಪ್ಪು ಹಸಿರಾಗಿಯೇ ಒಣಗಿ ಹಾಳಾಗುತ್ತದೆ. ಒಲೆಯಿಂದ ಕೊಳ್ಳಿ ಎಳೆದು ನೀರು ಹಾಕಿದಳು. ಹತ್ತು ನಿಮಿಷ ಕಳೆದರೂ ಮುಳ್ಳು ಕದಲಲಿಲ್ಲ. ಸುತ್ತ ಬಂದು ನೋಡಿದರೆ ಗಾಳಿಕಿಂಡಿಗಳಿಗೆಲ್ಲ ಗೋಣಿ ತುರುಕಿ ಮಣ್ಣು ಮೆತ್ತಿತ್ತು.

"ಸೌದೆ ಉಳೀಲಿ ಅಂತ ಮುಚ್ದೆ ಕಣವ್ವ," ಎಂದ ಲಿಂಗಯ್ಯ, ಹಟ್ಟಿಯಿಂದ ಬರುತ್ತ. "ಎಂಗೆ ಬಿರ್‍ನೆ ಕಾಯ್ತು ನೋಡು."

ಗೋಣಿ ಕೀಳುತ್ತಿದ್ದ ಅವಳ ಕೈ ನಿಂತಿತು. ತಾನೂ ಚಿಪ್‌ನ ಕವಲು ಬಿಸಿಯಾಗುವ ಹೊತ್ತನ್ನು ಮಾತ್ರ ಲೆಕ್ಕ ಹಾಕಿದ್ದಳು, ಆರುವ ಹೊತ್ತನ್ನಲ್ಲ. ಕರೆಂಟು ನಿಲ್ಲಿಸಿದ ಮೇಲೆ ಕಂದಕದ ನಡುವೆ ಸಿಕ್ಕಿಬಿದ್ದ ಬಿಸಿ ಹೋಗುವುದೆಲ್ಲಿಗೆ? ಓಡಿಬಂದು ಲೆಕ್ಕ ಹಚ್ಚಿದಳು. ಸ್ವಿಚ್ಚು ಮೊದಲಿನ ಸ್ಥಿತಿಗೆ ಮರಳಲು ಇರಬೇಕಾದ್ದಕ್ಕಿಂತ ಮೂರು ಪಟ್ಟು ಹೊತ್ತು ಬೇಕಿತ್ತು. ನಾಲ್ಕಾಗಿ ಐದು ನಿಮಿಷ. ಕಂದಕ ಮುಚ್ಚಿ ನಕ್ಷೆ ತಿದ್ದಿ ತಾಳೆ ನೋಡಲು ನಲವತ್ತು ನಿಮಿಷವಾದರೂ ಬೇಕು, ನಡುವೆ ಒಂದು ಸಲವೂ ಏಳುವಂತಿಲ್ಲ.

ಬೆಂಕಿ ಬಿಟ್ಟು ಪೆಟ್ಟಿಗೆ ಮುಂದೆ ಕೂತಳೆಂದು ಲಿಂಗಯ್ಯ ಗೊಣಗಿದ. ಸೊಪ್ಪು ಹೋದರೆ ಅವಳ ಓದು ಸೊಪ್ಪು ತಂದುಕೊಡುತ್ತದೆಯೇ ಎಂದೂ ಕೇಳಿದ. ಸುಕನ್ಯ ತಲೆಯೆತ್ತದೆ, ಐದು ಗಂಟೆವರೆಗೆ ತಾನು ಏಳುವುದಿಲ್ಲ ಎಂದಳು. ಆ ಮನೆಯಲ್ಲಿ ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ಅತ್ತೆ ಮಾರಮ್ಮ ದಾರ ಹಲ್ಲಿನಲ್ಲಿ ಕಚ್ಚಿ ಹರಿದಳು. "ಮುಚ್ಚಿದ್ದು ನೀವು ತಾನೆ, ನೀವೇ ನಿಂತು ಇಳಿಸ್ರಿ. ಮುಳ್ಳು ನೋಡಕ್ಕೂ ಸೊಸೇನೇ ಬೇಕಾ? ನಿಮ್ಮ ಕಣ್ಣಿಗೆ ಲೈಸೆನ್ಸ್ ಮಾತ್ರ ಕಾಣುಸ್ತದಾ?"

ಲಿಂಗಯ್ಯ ಕಿಂಡಿಗಳ ಕಡೆ ನಡೆದ. ಪ್ರತಿ ಐದು ನಿಮಿಷಕ್ಕೂ ಮುಳ್ಳಿನ ಅಂಕಿಯನ್ನು ಅವಳಿಗೇ ಕೂಗಿ ಹೇಳುತ್ತಿದ್ದ. ನೂರಹನ್ನೊಂದು. ನೂರೆಂಟು.

ನಾಲ್ಕು ಐವತ್ತಾರಕ್ಕೆ ನಕ್ಷೆ ಹೋಯಿತು, ಒಂದು ಪ್ರತಿ ಮಾರ್ಗದರ್ಶಕರಿಗೂ. ಎರಡು ನಿಮಿಷಕ್ಕೆ ಫೋನು ಬಂತು. ಕರೆಂಟು ದುಪ್ಪಟ್ಟಾಗಿದೆಯಲ್ಲ, ಯಾರನ್ನು ಕೇಳಿ ಕಂದಕ ತೆಗೆದೆ ಎಂದರು ವೀರಭದ್ರಸ್ವಾಮಿ.

"ಹೌದು ಸರ್, ಜಾಸ್ತಿ ತಿನ್ನುತ್ತೆ. ಆದ್ರೆ ಆಫ್ ಮಾಡಿದ್ರೆ ಆಫ್ ಆಗುತ್ತೆ. ಲೆಕ್ಕ ಜೊತೆಗಿಟ್ಟಿದೀನಿ, ನೋಡಿ."

ಆ ಕಡೆ ಅವರು ಲೆಕ್ಕದ ಕಡತ ತೆರೆದು ಮೌಸ್ ಒತ್ತುವ ಸದ್ದು. ನಕ್ಷೆ ಹಿಂದಕ್ಕೆ ತರಿಸು ಎನ್ನಲಿಲ್ಲ, ಕೆಟ್ಟರೆ ಹೊಣೆ ಅವಳದೇ ಎಂದರು. ಇರಲಿ ಎಂದು ಸುಕನ್ಯ ಫೋನಿಟ್ಟಳು.