ಅಜ್ಜಿ ಹೇಳಿದ ಸಾಕ್ಷಿ

ಮೊನ್ನೆ ನಮ್ಮ ಕಾರಿನ ವಿಮೆ ಮುಂದುವರಿಸಲೆಂದು ಟಿಳಕವಾಡಿಗೆ ಹೋಗಿದ್ದೆ. ಬಿಸಿಲಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದರೆ ಕಾದ ಸೀಟಿನ ವಾಸನೆ ಭಗ್ಗನೆ ಮುಖಕ್ಕೆ ಬಡಿಯಿತು. ಅದರಲ್ಲಿ ಒಂದಿಷ್ಟು ಪೆಟ್ರೋಲು, ಒಂದಿಷ್ಟು ಧೂಳು... ಖಾಸಬಾಗದ ನಮ್ಮ ಓಣಿಯ ಚಾಚಾ ಕಣ್ಣಮುಂದೆ ಬಂದು ನಿಂತರು. ಹಾಳಾದ್ದು, ನಡುಬೀದಿಯಲ್ಲಿ ನನಗೆ ಅಳು ಬಂತು.

ಚಾಚಾ ನಮ್ಮ ಬಾಜು ಮನೆಯವರು. ಖಾನಾಪುರದ ಕಟ್ಟಿಗೆ ವ್ಯಾಪಾರಿಯ ಲಾರಿಯನ್ನು ವಯಸ್ಸೆಲ್ಲ ಓಡಿಸಿದವರು. ಎಪ್ಪತ್ತರ ದಶಕದ ಕೊನೆಗೆ ಆ ಕೆಲಸ ಬಿಟ್ಟು, ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಹಳೆಯ ಕಾರು ಕೊಂಡರು. "ಜಿಂದಗಿ ಎಲ್ಲಾ ಮಂದಿ ಗಾಡಿ ಹೊಡದೇನಿ. ಇನ್ನರ ನಂದ ಅಂತ ಒಂದು ಗಾಡಿ ಇರ್ಲಿ" ಎನ್ನುತ್ತಿದ್ದರು. ಹೊಟ್ಟೆಪಾಡಿಗೆ ಚಾಚಿಯ ಹಿಟ್ಟಿನ ಗಿರಣಿ ಇತ್ತು. ಕಾರೇನಿದ್ದರೂ ಅವರ ಜೀವದ ಆಸೆ. ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬರಲಿ, ಯಾರ ಮನೆಗೆ ಬೀಗರು ಬರಲಿ, ಚಾಚಾ ಗಾಡಿ ತೆಗೆಯುತ್ತಿದ್ದರು. ಬಾಯಿಬಿಟ್ಟು ಒಂದು ಪೈಸೆ ಕೇಳಿದವರಲ್ಲ.

ಆದರೆ ನಮ್ಮ ಅಜ್ಜಿ ಕೇಳಬೇಕಲ್ಲ! ಬಸವಣ್ಣನ ಒಕ್ಕಲು ನಮ್ಮದು. ಇನ್ನೊಬ್ಬರ ದುಡಿಮೆಯನ್ನು ಪುಕ್ಕಟೆ ತಿಂದರೆ ಮೈಗೆ ಹತ್ತುವುದಿಲ್ಲ ಎಂಬುದು ಆಕೆಯ ಹಟ. ಕಾರಿನಿಂದ ಇಳಿಯುವಾಗ ಸೆರಗಿನ ಗಂಟು ಬಿಚ್ಚಿ ಚಾಚಾರ ಕೈಯಲ್ಲಿ ಏನಾದರೂ ತುರುಕಿಯೇ ಇಳಿಯುತ್ತಿದ್ದಳು. ಅವರು ಬೇಡವೆಂದರೆ ಸೀಟಿನ ಮೇಲಿಟ್ಟು ಬರುತ್ತಿದ್ದಳು. ಆಕೆಯನ್ನು ನೋಡಿ ಇಡೀ ಓಣಿಗೇ ಅದು ರೂಢಿಯಾಯಿತು. ಚಾಚಾ ಅದನ್ನು ಪೆಟ್ರೋಲಿಗೆ ಹಾಕಿ ಸುಮ್ಮನಾಗುತ್ತಿದ್ದರು.

ವಿಮೆಯ ಏಜೆಂಟರು ಬಂದು ಮಾತಾಡಿದ್ದು ನಮ್ಮ ಮನೆಯ ಕಟ್ಟೆಯ ಮೇಲೆಯೇ. ಕಾಗದಪತ್ರ ತಿಳಿಯುತ್ತದೆಂದು ಚಾಚಾ ನಮ್ಮಪ್ಪನನ್ನೂ ಜೊತೆಗೆ ಕೂರಿಸಿಕೊಂಡಿದ್ದರು.

"ಇದು ಸೋವಿದು ನೋಡ್ರಿ, ರೊಕ್ಕ ಕಡಿಮಿ" ಎಂದರು ಏಜೆಂಟರು. "ನಿಮ್ಮ ಗಾಡಿ ಮಂದಿಗೆ ಬಡದ್ರ ಅವರಿಗೆ ಪರಿಹಾರ ಸಿಗತೈತಿ, ನಿಮ್ಮ ಗಾಡಿಗೆ ಏನೂ ಇಲ್ಲ. ಇದು ಫುಲ್. ನಿಮ್ಮ ಗಾಡಿ ಜಖಂ ಆದ್ರೂ ರಿಪೇರಿಗೆ ಕೊಡತಾರ. ಬಾಡಿಗಿಗೆ ಬಿಡೂದಿದ್ರ ಮಾತ್ರ ಅದರ ಪಾಲಿಸಿ ಬ್ಯಾರೆ, ತುಟ್ಟಿ. ನೀವು ಬಾಡಿಗಿ ಹೊಡೀತೀರೇನು?"

"ತೋಬಾ ತೋಬಾ! ಓಣಿ ಮಂದಿ ಕಡೆ ಬಾಡಿಗಿ ತಗೋಳೂದಾ?" ಚಾಚಾ ಗಲ್ಲ ಬಡಿದುಕೊಂಡರು.

ಸ್ವಂತ ಬಳಕೆಯ ಗಾಡಿಯ ಫುಲ್ ವಿಮೆಯನ್ನೇ ಆರಿಸಿದರು. ಅಪ್ಪನೂ ಅದೇ ಸರಿ ಎಂದ. ಅಜ್ಜಿ ಕೊಡುವ ಚಿಲ್ಲರೆಯನ್ನು ಯಾರಾದರೂ ಬಾಡಿಗೆ ಅಂದಾರೆಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನಮಗೆ ಅದು ಮರ್ಯಾದೆ ಅಷ್ಟೇ.

ಮುಂದೊಂದು ಮಳೆಗಾಲದಲ್ಲಿ ಅಜ್ಜಿ ಜಾಂಬೋಟಿಯ ತಂಗಿಯನ್ನು ನೋಡಲು ಚಾಚಾರ ಕಾರಿನಲ್ಲಿ ಹೊರಟಳು. ನಾನೂ ಹಿಂದಿನ ಸೀಟಿನಲ್ಲಿದ್ದೆ. ಮರಳುವಾಗ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಅದನ್ನು ಉಳಿಸಲು ಹೋಗಿ ಗಾಡಿ ಜಾರಿ ಮರಕ್ಕೆ ಬಡಿಯಿತು. ನಮಗೆ ತರಚಿದ ಗಾಯ ಅಷ್ಟೇ, ಕಾರಿನ ಮುಂಭಾಗ ಮಾತ್ರ ಪೂರಾ ನುಜ್ಜುಗುಜ್ಜು. ಸುರಿಯುವ ಮಳೆಯಲ್ಲಿ ಚಾಚಾ ಅದರ ಮೈಮೇಲೆ ಕೈಯಾಡಿಸುತ್ತ, "ಹೆದರಬ್ಯಾಡ್ರಿ ಅಕ್ಕಾರ, ಫುಲ್ ಐತಿ... ಫುಲ್ ಐತಿ" ಎನ್ನುತ್ತಿದ್ದರು. ಅಜ್ಜಿಗೆ ಹೇಳಿದರೋ, ತಮಗೇ ಹೇಳಿಕೊಂಡರೋ...

ವಿಚಾರಣೆಗೆ ಬಂದ ವಿಮಾ ಕಚೇರಿಯ ಸಾಹೇಬರನ್ನು ಅಜ್ಜಿ ಒಳಗೆ ಕರೆದು ಅವಲಕ್ಕಿ, ಚಹಾ ಕೊಟ್ಟಳು. ಅವರು ಮೆಲ್ಲಗೆ ಕೇಳಿದರು: "ಗಾಡಿಗೆ ಏನರ ಕೊಡತಿದ್ರೇನು ಅಜ್ಜಿ?"

ಅಜ್ಜಿಗೆ ಸಿಟ್ಟೇ ಬಂತು. "ಏನ್ ಮಾತಂತ ಆಡ್ತೀರಿ? ನಾವೇನ್ ಪುಕ್ಕಟೆ ಕುಂದ್ರೂ ಮಂದಿ ಏನ್ರಿ? ಕೈಯಾಗ ರೊಕ್ಕಾ ಇಟ್ಟಽ ಇಳಿತೀನಿ. ಬೇಕಾದ್ರ ಓಣಿ ಎಲ್ಲಾ ಕೇಳ್ರಿ, ಎಲ್ಲಾರೂ ಕೊಡ್ತಾರ!"

ಅವರು ಕೇಳಿದರು. ಎಲ್ಲರೂ ಎದೆಯುಬ್ಬಿಸಿ ಹಾಗೆಯೇ ಹೇಳಿದರು. ತಮ್ಮ ಮರ್ಯಾದೆಯ ಪ್ರಶ್ನೆ ನೋಡಿ!

ಸ್ವಂತಕ್ಕೆಂದು ವಿಮೆ ಮಾಡಿಸಿ ಬಾಡಿಗೆಗೆ ಓಡಿಸಿದ್ದಾರೆ, ಏನೂ ಕೊಡಲಾಗುವುದಿಲ್ಲ ಎಂದು ಕಚೇರಿಯಿಂದ ಉತ್ತರ ಬಂತು. ಅಪ್ಪ ಅದನ್ನು ಓದಿ ಹೇಳಿದಾಗ ಅಜ್ಜಿ ಒಲೆಯ ಉರಿ ಆರಿಸಿ ಎದ್ದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಚಾಚಾರ ಮನೆಗೆ ಹೋದಳು. ಹೊಸ್ತಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾಚಾ ಗಡಬಡಿಸಿ ಎದ್ದು, "ಕುಂದರ್ರಿ ಅಕ್ಕಾರ. ನೀವು ಖರೇ ಹೇಳೀರಿ. ಖರೇ ಹೇಳಿದವರು ಯಾಕ ಅಳಬೇಕು?" ಎಂದರು. ಅವರು ಬೈದಿದ್ದರೆ ಅಜ್ಜಿಗೆ ಎಷ್ಟೋ ಹಗುರಾಗುತ್ತಿತ್ತು.

ಗಾಡಿ ರಿಪೇರಿ ಮಾಡಿಸಲೇಬೇಕೆಂದು ಚಾಚಾ ಆ ವಯಸ್ಸಿನಲ್ಲಿ ಮತ್ತೆ ಖಾನಾಪುರದ ಅದೇ ಲಾರಿ ಹತ್ತಿದರು. ಕಾರು ತಾಡಪತ್ರಿಯ ಕೆಳಗೆ ನಿಂತಿತ್ತು. ಊರಿಗೆ ಬಂದಾಗಲೆಲ್ಲ ಒರೆಸುತ್ತಿದ್ದರು. "ದೀಪಾವಳಿಗೆ ಎಬ್ಬಸ್ತೀನಿ ನೋಡ ಬೇಟಿ, ಮೊದಲು ನಿನ್ನ ಕುಂದ್ರಸ್ಕೊಂಡು ಹೋಗ್ತೀನಿ" ಎನ್ನುತ್ತಿದ್ದರು. ದೀಪಾವಳಿ ಬಂತು, ಹೋಯಿತು... ಮತ್ತೊಂದೂ ಬಂತು. ಒಂದು ಮುಂಜಾನೆ ಖಾನಾಪುರದಲ್ಲಿ ಕಟ್ಟಿಗೆ ತುಂಬಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮೇಲೇಳಲಿಲ್ಲ.

ಅದೇ ಲಾರಿಯಲ್ಲಿ ಅವರನ್ನು ಓಣಿಗೆ ತಂದರು. ತಂದ ಡ್ರೈವರನ ಹತ್ತಿರ ಹೋದ ಅಜ್ಜಿಯ ಕೈ ರೂಢಿಯಂತೆ ಸೆರಗಿನ ಗಂಟಿಗೆ ಹೋಯಿತು. ಅಲ್ಲಿಗೇ ನಿಂತಿತು. ಬೀದಿಯಲ್ಲೇ ಕುಕ್ಕರಿಸಿ, "ಪುಕ್ಕಟೆ ಕುಂತಿದ್ರ ಏನಾಗತಿತ್ತೋ ನನ್ನ ತಮ್ಮಾ, ನಿನ್ನ ಗಾಡ್ಯಾಗ ಪುಕ್ಕಟೆ ಕುಂತಿದ್ರ ನನ್ನ ಗಂಟೇನ ಹೋಗತಿತ್ತೋ!" ಎಂದು ಅತ್ತಳು. ಆಕೆ ಹಾಗೆ ಅತ್ತದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಮೊನ್ನೆ ವಿಮೆಯ ಕೆಲಸ ಮುಗಿಸಿ ಖಾಸಬಾಗಕ್ಕೆ ಹೋದೆ. ಅಜ್ಜಿ ಇಲ್ಲ, ಚಾಚಿ ಇಲ್ಲ, ಗಿರಣಿ ಇದ್ದಲ್ಲಿ ಮೊಬೈಲಿನ ಅಂಗಡಿ. ಓಣಿಯ ತುಂಬ ಕಾರುಗಳು. ಅಲ್ಲಿ ಯಾರನ್ನು ನಿಲ್ಲಿಸಿ ಹೇಳಲಿ, ಒಳ್ಳೆಯವರೆನಿಸಿಕೊಳ್ಳುವ ನಮ್ಮ ಹಟವೇ ಆ ಒಳ್ಳೆಯ ಮನುಷ್ಯನ ಗಾಡಿಯನ್ನು ತಿಂದುಹಾಕಿತೆಂದು?