ರಮಾಮಣಿಯವರ ಖಾಯಂ ಪೇಶಂಟು

ವಿಲೆ ಪಾರ್ಲೆಯ ನಮ್ಮ ಧನ್ವಂತರಿ ನಿವಾಸದಲ್ಲಿ ಲಿಫ್ಟ್ ಇರಲಿಲ್ಲ. ಮೂರನೆಯ ಮಹಡಿಯ ವೆಂಕಟಸುಬ್ಬಯ್ಯನವರಿಗೆ ಉಬ್ಬಸವಿತ್ತು. ಇವೆರಡನ್ನೂ ಜೋಡಿಸಿಕೊಂಡು ಅವರು ತಮ್ಮ ನಿವೃತ್ತ ಜೀವನವನ್ನು ಬಹಳ ಅಚ್ಚುಕಟ್ಟಾಗಿ ಏರ್ಪಡಿಸಿಕೊಂಡಿದ್ದರು. ತರಕಾರಿ ತರಬೇಕು ಎಂದರೆ ಉಬ್ಬಸ. ರೇಷನ್ ಅಂಗಡಿಯ ಕ್ಯೂ ಎಂದರೆ ಉಬ್ಬಸ. ಸಂಜೆ ಐದಕ್ಕೆ ಎರಡನೆಯ ಮಹಡಿಯ ನಮ್ಮ ಮನೆಗೆ ಇಳಿದು ಬಂದು, ಎರಡು ತಾಸು ಇಸ್ಪೀಟಾಡಿ, ಮತ್ತೆ ಹತ್ತಿ ಹೋಗುವಾಗ ಮಾತ್ರ ಉಸಿರು ಸರಾಗ.

ಅವರ ಹೆಂಡತಿ ರಮಾಮಣಿ ಮೈಸೂರಿನವರು. ಮದುವೆಯಾಗಿ ಮುಂಬೈಗೆ ಬಂದ ಮೂವತ್ತೈದು ವರ್ಷಗಳಲ್ಲಿ ಮೀನಮೇಷ ಎಣಿಸದೆ ಸೊಸೈಟಿಯ ಸೆಕ್ರೆಟರಿಯನ್ನೇ ಮೂರು ಸಲ ಬದಲಾಯಿಸಿದ ಹೆಂಗಸು. ಗಂಡನ ಆಟ ಅವರಿಗೆ ತಿಳಿಯದ್ದೇನಲ್ಲ. ಆದರೆ ಒಂದು ತೊಡಕಿತ್ತು. ವೆಂಕಟಸುಬ್ಬಯ್ಯನವರು ಪರೇಲಿನ ಗಿರಣಿಯೊಂದರ ನೂಲುವ ಖಾತೆಯಲ್ಲಿ ಇಪ್ಪತ್ತೆಂಟು ವರ್ಷ ಸೂಪರ್‌ವೈಸರ್ ಆಗಿ ಹತ್ತಿಯ ಧೂಳು ಕುಡಿದವರು. ಹತ್ತು ಸಲದ ಉಬ್ಬಸದಲ್ಲಿ ಎಂಟು ನಾಟಕವಾದರೆ ಎರಡು ನಿಜ. ಆ ಎರಡು ಯಾವುವು ಎಂದು ಗೊತ್ತಾಗದೆ ರಮಾಮಣಿ ಹತ್ತಕ್ಕೂ ಓಡಾಡಬೇಕಾಗಿತ್ತು.

೧೯೯೧ರ ಆರಂಭದಲ್ಲಿ ನಿಜದ್ದೊಂದು ಬಂದು, ಪರೇಲಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಬೇಕಾಯಿತು. ಅಲ್ಲಿ ಅವರ ಬೆರಳಿಗೊಂದು ಕ್ಲಿಪ್ಪು ಹಾಕಿದ್ದರು. ಕ್ಲಿಪ್ಪಿನೊಳಗೆ ಕೆಂಪು ದೀಪ. ಪಕ್ಕದ ಪೆಟ್ಟಿಗೆಯಲ್ಲಿ ಅಂಕಿ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ಹೇಳುತ್ತದೆ, ತೊಂಬತ್ತಕ್ಕಿಂತ ಇಳಿದರೆ ಕರೆಯಿರಿ ಎಂದು ನರ್ಸ್ ಹೇಳಿ ಹೋದಳು. ಮೂರನೆಯ ದಿನ ರಮಾಮಣಿಯವರ ಅಕ್ಕ ಸುಬ್ಬಲಕ್ಷ್ಮಿ ಊರಿಂದ ನೋಡಲು ಬಂದರು. ಆಕೆ ಕುರ್ಚಿ ಎಳೆದುಕೊಂಡ ಕೂಡಲೇ ವೆಂಕಟಸುಬ್ಬಯ್ಯನವರು ಕಣ್ಣು ಮೇಲೆ ಮಾಡಿ ಏದುಸಿರು ಬಿಡತೊಡಗಿದರು. ಅಕ್ಕ ಗಾಬರಿಯಾಗಿ ಎದ್ದು ಹೋದರು. ಪೆಟ್ಟಿಗೆಯ ಅಂಕಿ ತೊಂಬತ್ತೇಳರಿಂದ ಕದಲಲಿಲ್ಲ.

ಡಿಸ್ಚಾರ್ಜ್ ಆದ ಮರುದಿನ ರಮಾಮಣಿ ನಮ್ಮ ಮನೆಗೆ ಇಳಿದು ಬಂದರು.

"ಕೊರಗಪ್ಪನವರೇ, ಆ ಯಂತ್ರ ನಮ್ಮನೆಗೊಂದು ಬೇಕು. ಕಂಪನಿಗಳ ಹೆಸರು ಬರೆದುಕೊಂಡು ಬಂದಿದ್ದೀನಿ. ಕಾಗದ ಟೈಪ್ ಮಾಡಿಕೊಡಿ."

ಜೋಗೇಶ್ವರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತನಾದ ನನ್ನ ಬಳಿ ಹಳೆಯದೊಂದು ಟೈಪ್‌ರೈಟರ್ ಇತ್ತು. ಅವರು ಹೇಳಿದಂತೆ ಮೂರು ಕಂಪನಿಗೆ ಹೊಡೆದೆ. "ನಮ್ಮ ಹೋಮಿಗೆ ಒಂದು ಯಂತ್ರ ಆರಿಸಬೇಕಾಗಿದೆ. ಸದ್ಯ ಖಾಯಂ ಪೇಶಂಟು ಒಬ್ಬರಿದ್ದಾರೆ. ಬಂದು ತೋರಿಸಬೇಕಾಗಿ ವಿನಂತಿ." ಕೆಳಗೆ ವಿಳಾಸ: ಧನ್ವಂತರಿ ನಿವಾಸ. ಓದಿದವರು ಏನೆಂದುಕೊಳ್ಳುತ್ತಾರೆ ಎಂಬುದು ನನಗೆ ಹೊಳೆಯಿತು. ರಮಾಮಣಿಯವರ ಮುಖ ನೋಡಿದೆ. ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು.

"ಇದರಲ್ಲಿ ಸುಳ್ಳು ಒಂದಕ್ಷರ ಇದೆಯೇನ್ರೀ?" ಎಂದರು.

ಮೊದಲ ಕಂಪನಿಯವನು ಬಾಗಿಲಲ್ಲೇ ಅಡುಗೆಮನೆಯನ್ನು ಕಂಡು ಹಿಂದಿರುಗಿದ. ಎರಡನೆಯವನು ಒಳಗೆ ಬಂದು ತೋರಿಸಿದನಾದರೂ, ಎಣ್ಣೆ ಹಚ್ಚಿದ ಬೆರಳಿಗೆ ನಡೆಯುತ್ತದೆಯೇ, ಕರೆಂಟು ಹೋದರೆ ಎಷ್ಟು ಹೊತ್ತು ತಾಳುತ್ತದೆ, ಕುಂಯ್‌ಗುಟ್ಟುವುದನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆಗಳಿಗೆ ಸೋತು ಹೋದ. ಮೂರನೆಯವರು ಬಸವಂತರಾಯ. ಗುಲ್ಬರ್ಗದ ಕಡೆಯವರು, ನಲವತ್ತರ ಆಸುಪಾಸು. ದೊಡ್ಡ ಪೆಟ್ಟಿಗೆ ಹೊತ್ತು ಮೂರು ಮಹಡಿ ಹತ್ತಿ, ಬೆವರೊರೆಸಿಕೊಳ್ಳುತ್ತ ಹಿಂದಿಯಲ್ಲಿ ವಿಚಾರಿಸಿದವರು ಒಳಗಿನ ಕನ್ನಡ ಕೇಳಿ ಮಾತು ಬದಲಿಸಿದರು.

"ಅಮ್ಮಾರ, ನರ್ಸಿಂಗ್ ಹೋಮ್ ಎಲ್ಲದ ರೀ?"

"ಹೋಮ್ ಇದೇ."

"ಮತ್ತ ಪೇಶಂಟು?"

"ಪೇಪರ್ ಓದ್ತಾ ಕೂತಿದ್ದಾರಲ್ಲ."

ಬಸವಂತರಾಯರು ಪೇಶಂಟನ್ನು ನೋಡಿದರು, ಪಕ್ಕದಲ್ಲಿ ಕೂತಿದ್ದ ನನ್ನನ್ನು ನೋಡಿದರು, ಕೊನೆಗೆ ಇಳಿಯಬೇಕಾದ ಮೆಟ್ಟಿಲುಗಳನ್ನು ನೋಡಿದರು. "ಒಂದ್ ವಾಟಿ ಛಾ ಸಿಕ್ಕರ ಮಿಷನ್ ತೋರಿಸಿ ಹೋಗ್ತೀನ್ರಿ. ತಗೋಳ್ಳೋದಂತೂ ನಿಮ್ಮ ಕೈಲಿ ಆಗಂಗಿಲ್ಲ, ಇದರ ದುಡ್ಡಿನಾಗ ಜೋಗೇಶ್ವರ್ಯಾಗ ಇರಾಕ ಒಂದು ಖೋಲಿ ಬರ್ತದ" ಎಂದರು.

ಕ್ಲಿಪ್ಪು ಹಾಕಿದ್ದಾಯಿತು. ತೊಂಬತ್ತಾರು. ರಮಾಮಣಿ ಚಹಾ ತಂದಿಟ್ಟು ಸಹಜವಾಗಿ ಹೇಳಿದರು: "ರೀ, ಅಕ್ಕನ ಕಾಗದ ಬಂತು. ಮುಂದಿನ ತಿಂಗಳು ಪೂರ್ತಿ ಇಲ್ಲೇ ಇರ್ತಾಳಂತೆ."

ವೆಂಕಟಸುಬ್ಬಯ್ಯನವರ ಕೈಯಿಂದ ಪೇಪರ್ ಜಾರಿತು. ಎದೆ ಏರಿಳಿಯತೊಡಗಿತು. ನಾವೆಲ್ಲ ಪೆಟ್ಟಿಗೆಯ ಮೇಲೆ ಬಾಗಿದೆವು. ತೊಂಬತ್ತಾರೇ.

"ಕಂಡಿರಾ? ಕಾಗದ ಬಂದೇ ಇಲ್ಲ, ಸುಮ್ಮನೆ ಅಂದೆ," ಎಂದರು ರಮಾಮಣಿ.

"ತಡೀರಿ ಅಮ್ಮಾರ," ಎಂದರು ಬಸವಂತರಾಯರು. "ಮ್ಯಾಲಿನದು ಆಕ್ಸಿಜನ್. ಕೆಳಗಿನದು ನಾಡಿ ಬಡಿತ. ಅದು ಎಪ್ಪತ್ತೆಂಟು ಇದ್ದದ್ದು ನೂರಾ ನಾಕು ಆಗ್ಯದ. ಉಬ್ಬಸ ಸುಳ್ಳಿರಬಹುದು, ಅಂಜಿಕಿ ಖರೇ ಅದ."

"ನಿಮ್ಮ ಮಿಷನ್ ಒಳ್ಳೇದಿದೆ," ಎಂದು ವೆಂಕಟಸುಬ್ಬಯ್ಯನವರು ಮೊದಲ ಬಾರಿಗೆ ಮಾತಾಡಿದರು.

ಏಳುವಾಗ ಬಸವಂತರಾಯರು ತಮ್ಮ ಕಷ್ಟ ಹೇಳಿಕೊಂಡರು. ವಾರಕ್ಕೆ ಹತ್ತು ಕಡೆ ಯಂತ್ರ ತೋರಿಸಿ ಸಹಿ ತರಬೇಕು. ದೊಡ್ಡ ಡಾಕ್ಟರುಗಳು ಒಳಗೇ ಬಿಟ್ಟುಕೊಳ್ಳುವುದಿಲ್ಲ. ರಮಾಮಣಿ ಕೂಡಲೇ ಸಹಿ ಹಾಕಿ, "ನಾವಿನ್ನೂ ಆರಿಸಿ ಮುಗಿಸಿಲ್ಲ. ಮುಂದಿನ ಶನಿವಾರ ಮತ್ತೆ ಬನ್ನಿ, ಊಟಕ್ಕೇ ಬನ್ನಿ" ಎಂದರು. ಹೀಗೆ ಶನಿವಾರ ಮಧ್ಯಾಹ್ನಗಳು ಗೊತ್ತಾದವು. ಬಸವಂತರಾಯರಿಗೆ ಬಿಸಿಬೇಳೆ ಭಾತ್ ಮತ್ತು ಸಹಿ, ರಮಾಮಣಿಯವರಿಗೆ ಅಂಕಿ. ಅಂಕಿ ನೋಡಿದ ಮೇಲೆ ವಾರಕ್ಕಾಗುವಷ್ಟು ಕೆಲಸವನ್ನು ಗಂಡನಿಗೆ ಒಪ್ಪಿಸುತ್ತಿದ್ದರು.

ಐದನೆಯ ಶನಿವಾರ ಎದುರಿನ ಹಳೇ ಕಟ್ಟಡ ಕೆಡವುತ್ತಿದ್ದರು; ಧೂಳು ಮೂರನೆಯ ಮಹಡಿಯವರೆಗೂ ಏರಿತ್ತು. ನಾನು ಹೋದಾಗ ವೆಂಕಟಸುಬ್ಬಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿ ಸುಮ್ಮನೆ ಕೂತಿದ್ದರು. ನರಳಾಟವಿಲ್ಲ, ಕಣ್ಣು ಮೇಲೆ ಮಾಡುವುದಿಲ್ಲ.

"ಬೆಳಗ್ಗೆ ಹಿಟ್ಟು ಬೀಸಿಸಿಕೊಂಡು ಬನ್ನಿ ಅಂದೆ. ಅದಕ್ಕೇ ಮುನಿಸು," ಎಂದು ರಮಾಮಣಿ ಒಳಗಿನಿಂದ ಹೇಳಿದರು.

ಬಸವಂತರಾಯರು ಎಂದಿನಂತೆ ಕ್ಲಿಪ್ಪು ಹಾಕಿದರು. ಅಂಕಿ ನೋಡಿ ಕ್ಲಿಪ್ಪು ತೆಗೆದು, ಅವರ ಬೆರಳು ಉಜ್ಜಿ ಇನ್ನೊಂದು ಬೆರಳಿಗೆ ಹಾಕಿದರು. ಎಂಬತ್ತಾರು.

"ಅಮ್ಮಾರ, ಒಲಿ ಆರಿಸಿ ಬರ್ರಿ," ಎಂದರು ಮೆತ್ತಗೆ.

ರಮಾಮಣಿ ಬಂದು ಅಂಕಿ ನೋಡಿದರು. ಸೌಟು ಕೈಯಲ್ಲೇ ಇತ್ತು. ನಾನೂ ಬಸವಂತರಾಯರೂ ಕುರ್ಚಿ ಸಮೇತ ಅವರನ್ನು ಎತ್ತಿ ಮೂರು ಮಹಡಿ ಇಳಿಸಿದೆವು. ಹಿಂದೆ ರಮಾಮಣಿ ಯಂತ್ರದ ಪೆಟ್ಟಿಗೆಯನ್ನು ಎದೆಗವುಚಿಕೊಂಡು ಇಳಿದರು. ಟ್ಯಾಕ್ಸಿಯಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿ ಆಕ್ಸಿಜನ್ ಕೊಟ್ಟರು, ಸಲೈನ್ ಏರಿಸಿದರು. ಎರಡು ತಾಸು ಬಸವಂತರಾಯರ ಯಂತ್ರದಲ್ಲಿ ಅಂಕಿ ಏರುವುದನ್ನು ಡಾಕ್ಟರೂ ನಮ್ಮ ಜೊತೆ ನಿಂತು ನೋಡಿದರು. ಅವರಲ್ಲಿ ಅಂಥ ಯಂತ್ರ ಇರಲಿಲ್ಲ. ಸೋಮವಾರ ಬಸವಂತರಾಯರನ್ನು ಕರೆಸಿ ಒಂದು ಕೊಂಡರು. ಆ ವರ್ಷ ಬಸವಂತರಾಯರು ಮಾರಿದ ಮೊದಲ ಯಂತ್ರ ಅದು.

ಆ ವಾರ ಒಂದು ದಿನ ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ರಮಾಮಣಿ, "ನಿಜವಾಗಿ ಉಸಿರು ಸಿಕ್ಕದಿದ್ದಾಗ ಅವರು ಸದ್ದೇ ಮಾಡಲ್ಲ ನೋಡಿ. ಇಷ್ಟು ವರ್ಷ ನಾನು ಸದ್ದನ್ನೇ ಕೇಳ್ತಿದ್ದೆ" ಎಂದರು.

ಮನೆಗೆ ಬಂದ ವೆಂಕಟಸುಬ್ಬಯ್ಯನವರಿಗೆ ಈ ಮಾತು ಹೇಗೋ ಗೊತ್ತಾಯಿತು. ಎರಡು ವಾರ ಕಳೆದು, ರೇಷನ್ ಕಾರ್ಡ್ ಹೊರಬಂದ ಕೂಡಲೇ ಅವರು ನರಳುವುದನ್ನು ಬಿಟ್ಟು ಮೌನವಾಗಿ ಮುಂದಕ್ಕೆ ಬಾಗಿ ಕೂತರು. ರಮಾಮಣಿ ಟ್ಯಾಕ್ಸಿಗೆಂದು ನನ್ನನ್ನು ಕೂಗಿದರು. ನಾನು ಹತ್ತಿ ಬರುವಷ್ಟರಲ್ಲಿ ಗಂಡ ಪೇಪರ್ ಬಿಡಿಸಿ ಕೂತಿದ್ದು ಕಂಡು ಅವರಿಗೆ ವಿಪರೀತ ಸಿಟ್ಟು ಬಂತು.

ಈ ಸಲ ಬಸವಂತರಾಯರೇ ಉಪಾಯ ಹೇಳಿದರು. ಪ್ರಿನ್ಸೆಸ್ ಸ್ಟ್ರೀಟಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಕೊಳವೆಯೊಂದು ಸಿಗುತ್ತದೆ. ಜೋರಾಗಿ ಊದಿದರೆ ಮುಳ್ಳು ಮುಂದೆ ಹೋಗಿ ನಿಲ್ಲುತ್ತದೆ. ಉಬ್ಬಸದವರು ದಿನಾ ಊದಿ ಬರೆದಿಡಬೇಕು; ಉಸಿರು ಬಿಗಿದ ದಿನ ಅಂಕಿ ಇಳಿಯುತ್ತದೆ. ಬೆಲೆ ಕೈಗೆಟಕುವಂಥದ್ದು. ನರ್ಸಿಂಗ್ ಹೋಮಿನ ಡಾಕ್ಟರೂ ತರಲು ಹೇಳಿದರು. "ಆದರ ಒಂದು ಮಾತು ರೀ," ಎಂದರು ಬಸವಂತರಾಯರು, "ಬೇಕಂತ ಮೆಲ್ಲಕ ಊದಿದ್ರ ಅದಕ್ಕೇನೂ ಗೊತ್ತಾಗಂಗಿಲ್ಲ."

"ಅದು ನನಗೆ ಬಿಡಿ," ಎಂದರು ರಮಾಮಣಿ.

ಕೊಳವೆ ಬಂದ ದಿನ ಅವರು ಅದನ್ನು ಗಂಡನಿಗೆ ಕೊಡಲೇ ಇಲ್ಲ. ನನ್ನನ್ನು ಕರೆದು ಊದಿಸಿದರು. ಮುಳ್ಳು ಮುನ್ನೂರ ಎಂಬತ್ತಕ್ಕೆ ಹೋಯಿತು.

"ಕೊರಗಪ್ಪನವರಿಗೆ ಅರವತ್ತೆರಡು. ನಿಮಗಿಂತ ಮೂರು ವರ್ಷ ದೊಡ್ಡವರು," ಎಂದು ಅವರು ಗಾಳಿಗೆ ಹೇಳಿದಂತೆ ಹೇಳಿ ಕೊಳವೆ ತೊಳೆಯತೊಡಗಿದರು.

"ಕೊಡು ಇಲ್ಲಿ," ಎಂದರು ವೆಂಕಟಸುಬ್ಬಯ್ಯನವರು. ನಿಂತುಕೊಂಡು, ಎದೆ ತುಂಬ ಉಸಿರೆಳೆದು ಊದಿದರು. ಮುನ್ನೂರ ತೊಂಬತ್ತು. ನನ್ನ ಕಡೆ ತಿರುಗಿ ನಕ್ಕರು. ತಿರುಗುವಷ್ಟರಲ್ಲಿ ಮೇಜಿನ ಮೇಲೆ ರೇಷನ್ ಕಾರ್ಡೂ ಎರಡು ಚೀಲಗಳೂ ಬಂದಿದ್ದವು.

ಅಂದಿನಿಂದ ದಿನಾ ಬೆಳಗ್ಗೆ ನಾನು ಮೊದಲು ಊದುವುದು, ನನ್ನನ್ನು ಮೀರಿಸಲು ಅವರು ಊದುವುದು ವಾಡಿಕೆಯಾಯಿತು. ಅವರ ಅಂಕಿ ಇನ್ನೂರೈವತ್ತಕ್ಕಿಂತ ಇಳಿದ ಬೆಳಗುಗಳಲ್ಲಿ ರಮಾಮಣಿ ವಾದಿಸುತ್ತಿರಲಿಲ್ಲ. ಸೀದಾ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ಒಮ್ಮೆ ಮಧ್ಯಾಹ್ನ ನಾನು ಮೇಲೆ ಹೋದಾಗ ಬಾಗಿಲು ತೆರೆದಿತ್ತು. ರಮಾಮಣಿಯೊಬ್ಬರೇ ಕಿಟಕಿಯ ಬಳಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಳವೆಯನ್ನು ಊದುತ್ತಿದ್ದರು. ಮುಳ್ಳು ನೋಡಿ, ಸುಮಾರಾಗಿ ತೃಪ್ತಿಪಟ್ಟಂತೆ ತಲೆಯಾಡಿಸಿದರು.

"ಎಷ್ಟು ಬಂತು?" ಎಂದು ಕೇಳಿದೆ.

"ನಿಮಗ್ಯಾಕೆ?" ಎಂದು ಮುಳ್ಳನ್ನು ಬೆರಳಿನಿಂದ ಸೊನ್ನೆಗೆ ಸರಿಸಿಬಿಟ್ಟರು.